ಊರಿಗೆಲ್ಲ ಗೊತ್ತಿರುವುದು ಮಗಳಿಗೂ ಗೊತ್ತಿರಲಿ

ದತ್ತಕದ ಹಕ್ಕಿಗಾಗಿ ಎರಡು ಸಲ ರಕ್ತ ಹರಿದ ಸೀಮೆ ಬೆಳಗಾವಿ ಜಿಲ್ಲೆಯ ನಮ್ಮ ಈ ಭಾಗ. 1824ರ ಸೆಪ್ಟೆಂಬರಿನಲ್ಲಿ ಕಿತ್ತೂರಿನ ದೊರೆ ಶಿವಲಿಂಗರುದ್ರಸರ್ಜ ಮಕ್ಕಳಿಲ್ಲದೆ ತೀರಿಕೊಂಡ. ಮಾಸ್ತಮರಡಿ ಗೌಡರ ಮನೆಯ ಹುಡುಗ ಶಿವಲಿಂಗಪ್ಪನನ್ನು ದತ್ತಕ ತೆಗೆದುಕೊಂಡ ಪತ್ರ ಧಾರವಾಡ ಮುಟ್ಟುವ ಹೊತ್ತಿಗೆ ದೊರೆ ಬದುಕಿರಲಿಲ್ಲ. ಸಹಿಯ ಮೇಲೆ ಶಂಕೆ ಎತ್ತಿದ ಕಲೆಕ್ಟರ್ ಥ್ಯಾಕರೆ ದತ್ತಕವನ್ನು ಒಪ್ಪಲಿಲ್ಲ. ಅಕ್ಟೋಬರ್ 23ರಂದು ಕೋಟೆಯ ಮುಂದೆ ನಡೆದ ಕಾಳಗದಲ್ಲಿ ಆತ ಸತ್ತ. ಗವರ್ನರ್ ಜನರಲ್ ಡಾಲ್‌ಹೌಸಿ ಸಾತಾರಾ ಸಂಸ್ಥಾನವನ್ನು ಇದೇ ನೆಪದಿಂದ ನುಂಗಿದ್ದು 1848ರಲ್ಲಿ, ಕಿತ್ತೂರಿನ ಜಗಳ ಮುಗಿದು ಇಪ್ಪತ್ತಕ್ಕೂ ಹೆಚ್ಚು ವರ್ಷಗಳಾದ ಮೇಲೆ. ಕಿತ್ತೂರಿನ ರಾಣಿ ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ ತೀರಿಕೊಂಡ ನಂತರವೂ ಸಂಗೊಳ್ಳಿ ರಾಯಣ್ಣ ಕತ್ತಿ ಹಿಡಿದದ್ದು ಅದೇ ದತ್ತಕ ಮಗನನ್ನು ಗಾದಿಗೆ ತರಲು. ಮುಂದೆ 1858ರ ಮೇ ತಿಂಗಳಲ್ಲಿ ರಾಮದುರ್ಗದ ಹತ್ತಿರದ ಸುರೇಬಾನದಲ್ಲಿ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್‌ನ ತಲೆ ಉರುಳಿತು. ಅದನ್ನು ಮಾಡಿಸಿದವನು ರಾಮದುರ್ಗದ ಅರಸರ ದಾಯಾದಿಯೇ ಆದ ನರಗುಂದದ ಬಾಬಾಸಾಹೇಬ. ಅವನ ದೊಡ್ಡ ಸಂಕಟವೂ ದತ್ತಕಕ್ಕೆ ಪರವಾನಗಿ ಸಿಗದೇ ಹೋದದ್ದು. ಕಿತ್ತೂರು ಉತ್ಸವದ ವೇದಿಕೆಗಳಲ್ಲಿ ಬ್ರಿಟಿಷರಿಗೆ ಕಪ್ಪ ಕೊಡೆವೆಂಬ ಮಾತು ಬಹಳ ಕೇಳಿಸುತ್ತದೆ, ದತ್ತಕದ ಮಾತು ಕಡಿಮೆ. ಆದರೆ ಶಿವಲಿಂಗರುದ್ರಸರ್ಜ ಚೆನ್ನಮ್ಮ ಹಡೆದ ಮಗನಲ್ಲ, ಹಿರಿಯ ರಾಣಿ ರುದ್ರಮ್ಮನ ಮಗ. ಶಿವಲಿಂಗಪ್ಪ ಆ ಮಗನಿಗೆ ದತ್ತಕನಾಗಿ ಬಂದವನು. ಅಂದರೆ ಈ ನಾಡಿನ ಅತ್ಯಂತ ದೊಡ್ಡ ತಾಯಿ ತನ್ನ ಹೊಟ್ಟೆಯ ಸಂಬಂಧವೇ ಇಲ್ಲದ ಮೊಮ್ಮಗನಿಗಾಗಿ ರಾಜ್ಯವನ್ನೇ ಪಣಕ್ಕಿಟ್ಟಳು.

ಆಗಿನ ದತ್ತಕಕ್ಕೂ ಈಗಿನದಕ್ಕೂ ಇರುವ ಅಂತರ ದೊಡ್ಡದು. ಆಗ ಮನೆತನಕ್ಕೊಬ್ಬ ಮಗ ಬೇಕಿತ್ತು. ಈಗಿನ ಕಾನೂನು ಮಗುವಿಗೊಂದು ಮನೆ ಹುಡುಕುತ್ತದೆ. ಕೇಂದ್ರೀಯ ದತ್ತು ಸಂಪನ್ಮೂಲ ಪ್ರಾಧಿಕಾರದ ಲೆಕ್ಕದಲ್ಲಿ 2024-25ರಲ್ಲಿ 4,515 ಮಕ್ಕಳು ದತ್ತು ಹೋದರು, ಅವರಲ್ಲಿ 4,155 ಮಕ್ಕಳು ದೇಶದೊಳಗಿನ ಮನೆಗಳಿಗೇ ಸೇರಿದರು. ವರ್ಷದಿಂದ ವರ್ಷಕ್ಕೆ ಗಂಡುಮಕ್ಕಳಿಗಿಂತ ಹೆಣ್ಣುಮಕ್ಕಳೇ ಹೆಚ್ಚು ದತ್ತು ಹೋಗುತ್ತಿದ್ದಾರೆ. ಇದು ಸಂತೋಷದ ಸಂಗತಿ. ಆದರೆ ಇದರ ಜೊತೆಗೇ ಇನ್ನೊಂದು ಬದಲಾವಣೆ ಆಗಿದೆ, ಅದರ ಬಗ್ಗೆ ನಾವು ಮಾತಾಡುವುದಿಲ್ಲ. ಹಳೆಯ ದತ್ತಕ ಪಂಚರ ಮುಂದೆ, ಬೀಗರ ಮುಂದೆ, ಊಟ ಹಾಕಿಸಿ ನಡೆಯುತ್ತಿತ್ತು. ಬಂದ ಹುಡುಗನಿಗೆ ತಾನು ಯಾವ ಮನೆಯಿಂದ ಯಾವ ಮನೆಗೆ ಬಂದೆ ಎಂಬುದು ಗೊತ್ತಿರುತ್ತಿತ್ತು. ಹೊಲ, ವತನ, ಗೌಡಕಿ ಎಲ್ಲವೂ ಆ ಬಹಿರಂಗತೆಯ ಮೇಲೆಯೇ ನಿಂತಿದ್ದವು. ಇಂದು ಬೆಳಗಾವಿಯ ಶಿಶುಗೃಹದಿಂದಲೋ ಬೇರೆ ಜಿಲ್ಲೆಯಿಂದಲೋ ಮೂರು-ನಾಲ್ಕು ವರ್ಷದ ಹುಡುಗಿಯನ್ನು ಮನೆಗೆ ಕರೆತಂದ ಎಷ್ಟೋ ತಂದೆತಾಯಿ ಮೊದಲು ಮಾಡುವ ನಿರ್ಧಾರವೇ ‘ಕೂಸಿಗೆ ಗೊತ್ತಾಗಬಾರದು’ ಎಂಬುದು. ಪ್ರೀತಿಯಿಂದಲೇ ಮಾಡುವ ಈ ನಿರ್ಧಾರ ತಪ್ಪು ಎಂಬುದು ನನ್ನ ವಾದ. ಅಂಗನವಾಡಿಗೆ ಹೋಗುವ ವಯಸ್ಸಿನಿಂದಲೇ ಮಗಳಿಗೆ ತನ್ನ ಕಥೆ ಗೊತ್ತಿರಬೇಕು, ಅದೂ ಒಂದು ದಿನ ಕೂರಿಸಿ ಹೇಳುವ ದೊಡ್ಡ ಸುದ್ದಿಯಾಗಿ ಅಲ್ಲ, ದಿನದಿನದ ಮಾತಾಗಿ.

ಗುಟ್ಟು ಹೆಣ್ಣುಮಗುವಿನ ದತ್ತಕಕ್ಕೇ ಹೆಚ್ಚು ಅಂಟಿಕೊಂಡದ್ದು ಯಾಕೆ ಎಂಬುದಕ್ಕೆ ಚರಿತ್ರೆಯಲ್ಲಿ ಕಾರಣಗಳಿವೆ. ಶಾಸ್ತ್ರ ಹೆಣ್ಣನ್ನು ದತ್ತಕಕ್ಕೆ ಒಪ್ಪಲೇ ಇಲ್ಲ ಎನ್ನುವಂತಿಲ್ಲ. ‘ದತ್ತಕ ಮೀಮಾಂಸಾ’ ಬರೆದ ನಂದಪಂಡಿತ ಹೆಣ್ಣುಮಗುವನ್ನೂ ದತ್ತಕ ತೆಗೆದುಕೊಳ್ಳಬಹುದು ಎಂದು ವಾದಿಸಿ, ದಶರಥನ ಮಗಳು ಶಾಂತೆ ರೋಮಪಾದನ ಮನೆಗೆ, ಶೂರನ ಮಗಳು ಪೃಥೆ ಕುಂತಿಭೋಜನ ಮನೆಗೆ ಹೋದದ್ದನ್ನು ಆಧಾರವಾಗಿ ತೋರಿಸಿದ. ಬ್ರಿಟಿಷ್ ನ್ಯಾಯಾಲಯಗಳು ಅದೇ ಗ್ರಂಥವನ್ನು ಗಂಡುಮಕ್ಕಳ ವಿಷಯದಲ್ಲಿ ಪ್ರಮಾಣವೆಂದು ಹಿಡಿದವು, ಹೆಣ್ಣಿನ ಮಾತು ಬಂದಾಗ ಕೈಬಿಟ್ಟವು. ಹೆಣ್ಣುಮಕ್ಕಳನ್ನು ದತ್ತಕ ಪಡೆಯುವ ರೂಢಿ ಉಳಿದದ್ದು ಮುಖ್ಯವಾಗಿ ನಾಯಕಸಾನಿಯರ ಮನೆಗಳಲ್ಲಿ. ಅದನ್ನೂ ಮುಂಬಯಿ ಹೈಕೋರ್ಟ್ 1880ರ ಮಥುರಾ ನಾಯಕಿನ್ ಪ್ರಕರಣದಲ್ಲಿ ಅನೀತಿಯೆಂದು ತಳ್ಳಿಹಾಕಿತು. ಆಗ ಬೆಳಗಾವಿ, ಧಾರವಾಡ ಜಿಲ್ಲೆಗಳು ಆ ಹೈಕೋರ್ಟಿನ ಅಧಿಕಾರದಲ್ಲೇ ಇದ್ದವು. ಸವದತ್ತಿಯ ಎಲ್ಲಮ್ಮನ ಗುಡ್ಡದ ನೆರಳಲ್ಲಿ ಇದರ ಅರ್ಥ ಇನ್ನಷ್ಟು ಕಟುವಾಗಿತ್ತು. ಗಂಡುಮಕ್ಕಳಿಲ್ಲದ ಬಡ ಮನೆಯವರು ಮಗಳನ್ನೇ ಎಲ್ಲಮ್ಮನಿಗೆ ಬಿಟ್ಟು ಮನೆಯಲ್ಲಿ ಉಳಿಸಿಕೊಂಡರು. 1934ರ ಮುಂಬಯಿ ಕಾಯ್ದೆ, 1982ರ ಕರ್ನಾಟಕ ಕಾಯ್ದೆ ಎರಡೂ ಬಂದದ್ದು ಆ ದೇವದಾಸಿ ಪದ್ಧತಿಯನ್ನು ನಿಲ್ಲಿಸಲು. ಹೀಗಾಗಿ ಹೊರಗಿನಿಂದ ತಂದು ಸಾಕಿದ ಹೆಣ್ಣುಮಗು ಎಂದರೆ ಜನ ಹುಬ್ಬೇರಿಸುವ ಕಾಲವೊಂದಿತ್ತು. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆ ಮಗಳನ್ನು ದತ್ತಕಕ್ಕೆ ಅರ್ಹಳೆಂದು ಸ್ಪಷ್ಟಪಡಿಸಿತು. ಬಾಲನ್ಯಾಯ ಕಾಯ್ದೆ ಧರ್ಮದ ಗೋಡೆಯನ್ನೂ ತೆಗೆಯಿತು, 2014ರಲ್ಲಿ ಸುಪ್ರೀಂ ಕೋರ್ಟ್ ಶಬನಂ ಹಾಶ್ಮಿ ಪ್ರಕರಣದಲ್ಲಿ ಅದನ್ನು ಎತ್ತಿಹಿಡಿಯಿತು. ಕಾನೂನಿನ ಕಳಂಕ ಹೋಯಿತು. ಆದರೆ ಅದರ ಜೊತೆಗೆ ಬಂಜೆತನದ ಮೇಲಿನ ಕೊಂಕು ಮಾತೂ, ‘ಯಾರ ಕೂಸೋ’ ಎಂಬ ಅನುಮಾನವೂ ಹೋಗಲಿಲ್ಲ. ಗುಟ್ಟು ಹುಟ್ಟಿದ್ದು ಇಲ್ಲಿ, ಮಗುವಿನ ಹಿತದ ಯೋಚನೆಯಲ್ಲಿ ಅಲ್ಲ.

ಈ ಗುಟ್ಟು ನಿಲ್ಲುವುದಾದರೂ ಹೇಗೆ ಎಂಬುದನ್ನು ಮೊದಲು ನೋಡಬೇಕು. ಬೈಲಹೊಂಗಲದ ಓಣಿಯಲ್ಲಾಗಲಿ ರಾಮದುರ್ಗದ ನೇಕಾರರ ಕೇರಿಯಲ್ಲಾಗಲಿ ಒಬ್ಬ ಹೆಣ್ಣುಮಗಳು ಬಸುರಿಯಾಗಿದ್ದಳೋ ಇಲ್ಲವೋ ಎಂಬುದು ಎಲ್ಲರಿಗೂ ಗೊತ್ತಿರುವ ವಿಷಯ. ಆಶಾ ಕಾರ್ಯಕರ್ತೆಯ ಪಟ್ಟಿಯಲ್ಲಿ ಆಕೆಯ ಹೆಸರಿಲ್ಲ, ತಾಯಿ ಕಾರ್ಡ್ ಆಗಿಲ್ಲ, ಕುಬಸ ಆಗಿಲ್ಲ, ತವರಿಗೆ ಬಾಣಂತನಕ್ಕೆ ಹೋಗಿಲ್ಲ. ಒಂದು ದಿನ ಮೂರು ವರ್ಷದ ಹುಡುಗಿ ಅಂಗಳದಲ್ಲಿ ಆಡುತ್ತಾಳೆ. ಅಂಗನವಾಡಿಯ ಸಮೀಕ್ಷೆಗೆ ಬಂದವರಿಗೂ, ಹಾಲಿನವನಿಗೂ, ಪಡಿತರ ಚೀಟಿಗೆ ಹೆಸರು ಸೇರಿಸುವವನಿಗೂ ವಿಷಯ ತಿಳಿದಿದೆ. ಸತ್ಯ ತಿಳಿಯದೆ ಇರುವವಳು ಆ ಹುಡುಗಿ ಒಬ್ಬಳೇ. ಅಂದಮೇಲೆ ಇದು ಊರಿನಿಂದ ಕಾಪಾಡಿದ ಗುಟ್ಟಲ್ಲ. ಊರೆಲ್ಲ ಸೇರಿ ಒಂದು ಮಗುವಿನಿಂದ ಮುಚ್ಚಿಟ್ಟ ಮಾತು. ಎಲ್ಲಮ್ಮನ ಜಾತ್ರೆಯಲ್ಲೋ ಮದುವೆಯ ಚಪ್ಪರದಲ್ಲೋ ಜಗಳದ ಸಿಟ್ಟಿನಲ್ಲೋ ಯಾವುದೋ ಬಾಯಿಂದ ಅದು ಜಾರಿಯೇ ಜಾರುತ್ತದೆ. ಆಗ ಮಗಳು ಕೇಳುವ ಪ್ರಶ್ನೆ ‘ನನ್ನ ಹಡೆದವರು ಯಾರು’ ಎಂಬುದಕ್ಕಿಂತ ಮೊದಲು ‘ನೀವ್ಯಾಕ ಹೇಳಲಿಲ್ಲ’ ಎಂಬುದೇ ಆಗಿರುತ್ತದೆ.

ಇನ್ನೂ ಒಂದು ಕಾರಣವಿದೆ, ಅದು ಈ ವಯಸ್ಸಿನ ಮಕ್ಕಳಿಗೇ ಸಂಬಂಧಿಸಿದ್ದು. 2022ರ ದತ್ತು ನಿಯಮಗಳ ಪ್ರಕಾರ ಎರಡು ವರ್ಷದೊಳಗಿನ ಕೂಸು ಬೇಕೆಂದರೆ ಗಂಡಹೆಂಡಿರ ವಯಸ್ಸು ಕೂಡಿ 85 ದಾಟಬಾರದು; ಎರಡರಿಂದ ನಾಲ್ಕು ವರ್ಷದ ಮಗುವಿಗೆ 90, ನಾಲ್ಕರಿಂದ ಎಂಟಕ್ಕೆ 100. ನಮ್ಮಲ್ಲಿ ಹರಕೆ, ಔಷಧ, ಹುಬ್ಬಳ್ಳಿ-ಬೆಳಗಾವಿಯ ಆಸ್ಪತ್ರೆಗಳ ಅಲೆದಾಟ ಎಲ್ಲ ಮುಗಿದು, ಹಿರಿಯರ ಒಪ್ಪಿಗೆ ಸಿಕ್ಕು, ಹೆಸರು ನೋಂದಾಯಿಸುವ ಹೊತ್ತಿಗೆ ಎಷ್ಟೋ ದಂಪತಿಗಳಿಗೆ ನಲವತ್ತು ದಾಟಿರುತ್ತದೆ. ಚಿಕ್ಕ ಕೂಸಿಗಾಗಿ ಕಾಯುವ ಸರದಿಯೂ ಮೂರು ವರ್ಷಕ್ಕೂ ಮೇಲೆ ಹೋಗುತ್ತದೆ. ಹಾಗಾಗಿ ಅವರಿಗೆ ಮೂರು, ನಾಲ್ಕು, ಐದು ವರ್ಷದ ಮಗಳು ಸಿಗುತ್ತಾಳೆ. ಆಕೆ ನೆನಪುಗಳ ಸಮೇತ ಬರುತ್ತಾಳೆ. ಸಾಲಾಗಿ ಇದ್ದ ಮಂಚಗಳು, ಉಣಿಸುತ್ತಿದ್ದ ಆಯಾ, ಜೊತೆಗೆ ಮಲಗುತ್ತಿದ್ದ ಇನ್ನೊಂದು ಮಗು – ಇವೆಲ್ಲ ಅವಳ ತಲೆಯಲ್ಲಿವೆ. ಬೇರೆ ರಾಜ್ಯದಿಂದ ಬಂದವಳಾದರೆ ಬಾಯಲ್ಲಿ ಬೇರೆ ಭಾಷೆಯೇ ಇರಬಹುದು. ಇಂಥ ಮಗುವಿಗೆ ‘ನೀ ನನ್ನ ಹೊಟ್ಟ್ಯಾಗಿಂದ ಬಂದೀ’ ಎಂದು ಹೇಳುವುದೆಂದರೆ ಅವಳಿಗೆ ನೆನಪಿರುವುದನ್ನು ಸುಳ್ಳೆಂದು ಒಪ್ಪಿಸುವುದು. ತಾಯಿಯ ಮಾತು ನಿಜವೋ ತನ್ನ ನೆನಪು ನಿಜವೋ ಎಂಬ ಆಯ್ಕೆಯನ್ನು ನಾಲ್ಕು ವರ್ಷದವಳ ಮುಂದೆ ಇಡುವುದು ಕ್ರೌರ್ಯ, ಎಷ್ಟೇ ಮುದ್ದಿನಿಂದ ಇಟ್ಟರೂ.

‘ಅಷ್ಟ್ ಸಣ್ಣ ಕೂಸಿಗೆ ಏನ್ ತಿಳೀತೈತಿ?’ ಎಂಬುದು ಎಲ್ಲರ ಮೊದಲ ಆಕ್ಷೇಪ. ಆಕ್ಷೇಪದಲ್ಲಿ ಅರ್ಧ ಸತ್ಯವಿದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಡೇವಿಡ್ ಬ್ರಾಡ್ಜಿನ್ಸ್ಕಿ ಮತ್ತು ಸಂಗಡಿಗರು 1984ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನಾಲ್ಕರಿಂದ ಹದಿಮೂರು ವರ್ಷದ ಮಕ್ಕಳನ್ನು ಮಾತಾಡಿಸಿ ನೋಡಿದರು. ತೀರ ಚಿಕ್ಕವರು ‘ನಾನು ದತ್ತು ಮಗಳು’ ಎಂದು ಚೆನ್ನಾಗಿ ಹೇಳಿದರೂ ಅದರ ಅರ್ಥ ಅವರಿಗೆ ಆಗಿರಲಿಲ್ಲ. ಹುಟ್ಟಿದ ಮನೆ ಬೇರೆ, ಬೆಳೆಯುತ್ತಿರುವ ಮನೆ ಬೇರೆ ಎಂಬುದು ಆರೇಳು ವರ್ಷದ ಹೊತ್ತಿಗೆ ಹೊಳೆಯುತ್ತದೆ. ಅದರಲ್ಲಿ ಒಂದು ಕಳೆದುಕೊಳ್ಳುವಿಕೆಯೂ ಇದೆ ಎಂಬುದು ಇನ್ನೂ ದೊಡ್ಡವರಾದಂತೆ ತಿಳಿಯುತ್ತದೆ. ಇದನ್ನು ಓದಿ ‘ಹಾಗಾದರೆ ದೊಡ್ಡವಳಾದ ಮೇಲೆ ಹೇಳೋಣ’ ಎನ್ನುವವರಿದ್ದಾರೆ. ನನಗೆ ಕಾಣುವುದು ಇದರ ತದ್ವಿರುದ್ಧ. ಅರ್ಥ ನಿಧಾನವಾಗಿ ಆಗುವುದರಿಂದಲೇ ಮಾತು ಬೇಗ ಶುರುವಾಗಬೇಕು. ನೋವಿನ ಅರ್ಥ ತಿಳಿಯುವ ಮೊದಲೇ ಆ ಮಾತು ಅವ್ವನ ಮಡಿಲಿನ ಬಿಸುಪಿನೊಡನೆ ಪರಿಚಯವಾಗಿದ್ದರೆ, ಮುಂದೆ ಅರ್ಥ ಬಿಚ್ಚಿಕೊಂಡಾಗ ಕೇಳಲು ಒಬ್ಬರಿದ್ದಾರೆ ಎಂಬ ಧೈರ್ಯ ಇರುತ್ತದೆ. ಅಮಾಂಡಾ ಬೇಡನ್ ಮತ್ತಿತರರು 2019ರಲ್ಲಿ ಪ್ರಕಟಿಸಿದ ಅಧ್ಯಯನ ಈಗ ದೊಡ್ಡವರಾಗಿರುವ ದತ್ತು ಮಕ್ಕಳನ್ನೇ ಕೇಳಿತು: ಮೂರು ವರ್ಷಕ್ಕಿಂತ ಮೊದಲೇ ತಿಳಿದವರಿಗೆ ಹೋಲಿಸಿದರೆ ತಡವಾಗಿ ತಿಳಿದವರಲ್ಲಿ ಮನಸ್ಸಿನ ಯಾತನೆ ಹೆಚ್ಚು, ಬದುಕಿನ ಬಗೆಗಿನ ತೃಪ್ತಿ ಕಡಿಮೆ. ಇವೆಲ್ಲ ಅಮೆರಿಕದ ಮಾತುಗಳು, ನಮ್ಮ ಅವಿಭಕ್ತ ಕುಟುಂಬಗಳಿಗೆ ಹೊಂದುತ್ತವೆಯೇ ಎಂದು ಕೇಳುವುದು ನ್ಯಾಯವೇ. ಅಜ್ಜಿ, ಕಾಕಾ, ಅತ್ತಿಯಂದಿರು ತುಂಬಿದ ಮನೆಯಲ್ಲಿ ಬಾಯಿಗಳು ಹೆಚ್ಚು. ಮಾತು ಜಾರುವ ದಾರಿಗಳೂ ಹೆಚ್ಚು. ಆ ಅಧ್ಯಯನಗಳ ಎಚ್ಚರಿಕೆ ನಮಗೆ ಇನ್ನಷ್ಟು ಬಿಗಿಯಾಗಿ ಅನ್ವಯಿಸುತ್ತದೆ.

ಹೇಳುವುದು ಎಂದರೆ ಏನು ಎಂಬುದರಲ್ಲೇ ಹೆಚ್ಚಿನ ಭಯ ಅಡಗಿದೆ. ತಂದೆತಾಯಿ ಅದನ್ನು ಒಂದು ಘೋರ ಗಳಿಗೆಯಾಗಿ ಕಲ್ಪಿಸಿಕೊಳ್ಳುತ್ತಾರೆ. ನಾಲ್ಕು ವರ್ಷದವಳಿಗೆ ಅದು ತಲೆಗೆ ಎಣ್ಣೆ ಹಚ್ಚುವಾಗ ಹೇಳುವ ಇನ್ನೊಂದು ಕಥೆ: ನೀನು ಬೇರೆ ಅವ್ವನ ಹೊಟ್ಟೆಯಲ್ಲಿ ಹುಟ್ಟಿದೆ, ಆಕೆಗೆ ನಿನ್ನನ್ನು ಸಾಕುವುದು ಆಗಲಿಲ್ಲ, ನಾವು ಬಂದು ನಿನ್ನನ್ನು ಕರೆದುಕೊಂಡು ಬಂದೆವು, ಅವತ್ತು ನೀನು ಕೆಂಪು ಅಂಗಿ ಹಾಕಿಕೊಂಡಿದ್ದೆ, ದಾರಿಯಲ್ಲಿ ನಿದ್ದೆ ಮಾಡಿದೆ. ಕಥೆಯ ಜೊತೆಗೆ ತೋರಿಸಲು ಮನೆಗೆ ಬಂದ ದಿನದ ಫೋಟೊ, ಜಿಲ್ಲಾಧಿಕಾರಿಗಳ ದತ್ತು ಆದೇಶ ಸಿಕ್ಕ ದಿನದ ಫೋಟೊ ಇರಲಿ. 2022ರ ಸೆಪ್ಟೆಂಬರಿನಿಂದ ಆದೇಶ ಕೊಡುವುದು ನ್ಯಾಯಾಲಯವಲ್ಲ, ಜಿಲ್ಲಾ ದಂಡಾಧಿಕಾರಿಯೇ. ಅದೊಂದು ಸಿಹಿ ಹಂಚಬೇಕಾದ ದಿನ. ಮಗುವಿಗೆ ಮೊದಲಿದ್ದ ಹೆಸರನ್ನು ಕಿತ್ತುಹಾಕದೆ ಉಳಿಸಿಕೊಂಡರೆ, ಇಲ್ಲವೇ ಮನೆದೇವರ ಹೆಸರಿನ ಜೊತೆಗೆ ಸೇರಿಸಿದರೆ ಅದೂ ಹೇಳಿದಂತೆಯೇ. ಮೂರು ವರ್ಷದವಳಿಗೆ ತನ್ನದೆಂದು ಇರುವುದು ಅದೊಂದೇ. ಶಿಶುಗೃಹದ ಗಂಜಿ, ಅನ್ನಕ್ಕೆ ಒಗ್ಗಿದ ಬಾಯಿಗೆ ಜೋಳದ ರೊಟ್ಟಿ ಕೂಡಲೇ ಹಿಡಿಸದೆ ಹೋಗಬಹುದು, ರೊಟ್ಟಿಯ ಚೂರನ್ನು ದಿಂಬಿನ ಕೆಳಗೆ ಬಚ್ಚಿಡಬಹುದು, ರಾತ್ರಿ ದೀಪ ಆರಿಸಿದರೆ ಅಳಬಹುದು, ಮನೆಗೆ ಬಂದ ಯಾವ ಹೆಂಗಸಿನ ತೊಡೆ ಮೇಲಾದರೂ ಹೋಗಿ ಕೂರಬಹುದು. ಸಂಸ್ಥೆಯಲ್ಲಿ ಬೆಳೆದ ಮಕ್ಕಳಲ್ಲಿ ಇದು ಸಾಮಾನ್ಯ. ಇದನ್ನು ಹಟವೆಂದೋ ‘ಯಾರ ರಕ್ತಾನೋ’ ಎಂದೋ ಓದುವ ಅಜ್ಜಿಗೆ ಕಾರಣ ಗೊತ್ತಿರಬೇಕು. ಗುಟ್ಟು ಇಟ್ಟ ಮನೆಯಲ್ಲಿ ಆ ಕಾರಣವನ್ನು ಬಾಯಿಬಿಟ್ಟು ಆಡುವಂತೆಯೇ ಇಲ್ಲ. ಕೆನಡಾದ ಸಮಾಜಶಾಸ್ತ್ರಜ್ಞ ಡೇವಿಡ್ ಕರ್ಕ್ 1964ರಷ್ಟು ಹಿಂದೆಯೇ ಹೇಳಿದ್ದು ಇದನ್ನೇ: ವ್ಯತ್ಯಾಸವಿಲ್ಲವೆಂದು ನಟಿಸುವ ಮನೆಗಿಂತ ವ್ಯತ್ಯಾಸವನ್ನು ಒಪ್ಪಿಕೊಂಡ ಮನೆಯಲ್ಲಿ ಮಗುವಿನ ಜೊತೆ ಮಾತು ಹೆಚ್ಚು ಸಲೀಸಾಗುತ್ತದೆ.

ಊರ ಬಾಯಿಯ ವಿಷಯಕ್ಕೆ ಬರೋಣ. ‘ಯಾರ ಮ್ಯಾಲ ಹೋಗ್ಯಾಳ್ರಿ?’ ಎಂದು ಸಂತೆಯಲ್ಲಿ ಕೇಳುವವರಿಗೆ ದತ್ತಕದ ವಿವರ ಕೊಡಬೇಕಿಲ್ಲ. ಬಹಿರಂಗ ಎಂದರೆ ಮಗುವಿನ ಖಾಸಗಿ ಕಥೆಯನ್ನು ಕಂಡಕಂಡವರಿಗೆ ಒಪ್ಪಿಸುವುದಲ್ಲ. ಆಕೆ ಎಲ್ಲಿ ಸಿಕ್ಕಳು, ಯಾವ ಸ್ಥಿತಿಯಲ್ಲಿದ್ದಳು ಎಂಬುದು ಅವಳ ಸ್ವತ್ತು. ದತ್ತು ಎಂಬ ಸಂಗತಿಯಷ್ಟೇ ಎಲ್ಲರದು. ಕೊಂಕಿಗಿಂತ ಹೆಚ್ಚು ನೋಯಿಸುವುದು ಹೊಗಳಿಕೆ ಎಂದು ನನಗೆ ಅನಿಸುತ್ತದೆ. ‘ದೊಡ್ಡ ಪುಣ್ಯಾ ಕಟ್ಕೊಂಡ್ರಿ’ ಎಂದು ಬೀಗರು ಮಗುವಿನ ಎದುರಿಗೇ ಹೇಳಿದಾಗ ಅವಳ ಕಿವಿಗೆ ಬೀಳುವುದು ತಾನೊಂದು ದಾನದ ವಸ್ತು ಎಂಬುದು. ಪುಣ್ಯದ ಲೆಕ್ಕದಲ್ಲಿ ಬಂದ ಮಗಳು ಜೀವನವಿಡೀ ಋಣಿಯಾಗಿ ನಡೆದುಕೊಳ್ಳಬೇಕು, ಹಟ ಮಾಡಬಾರದು, ಪರೀಕ್ಷೆಯಲ್ಲಿ ಫೇಲಾಗಬಾರದು. ಹಡೆದ ಮಕ್ಕಳಿಂದ ನಾವು ಕೇಳದ ಕೃತಜ್ಞತೆಯನ್ನು ಇವಳಿಂದ ಕೇಳುವುದು ಅನ್ಯಾಯ. ಆ ಮಾತು ಬಂದ ಜಾಗದಲ್ಲೇ ತಂದೆತಾಯಿ ಅದನ್ನು ತಿದ್ದಬೇಕು, ಮಗಳು ಕೇಳಿಸಿಕೊಳ್ಳುವ ಹಾಗೆ.

‘ಹೇಳಿದರೆ ನಾಳೆ ಹಡೆದವಳನ್ನು ಹುಡುಕಿಕೊಂಡು ಹೋಗುತ್ತಾಳೆ’ ಎಂಬ ಭಯ ತಾಯಂದಿರದು. ದತ್ತು ನಿಯಮಗಳೇ ಹದಿನೆಂಟು ತುಂಬಿದವರಿಗೆ ತಮ್ಮ ಮೂಲವನ್ನು ಹುಡುಕಲು ಅವಕಾಶ ಕೊಟ್ಟಿವೆ, ಹಡೆದವಳ ಗೋಪ್ಯತೆಯನ್ನು ಕಾಯುವ ಷರತ್ತಿನೊಡನೆ. ಹುಡುಕಬೇಕೆನಿಸುವುದು ಪ್ರೀತಿ ಕಡಿಮೆಯಾದದ್ದರ ಗುರುತಲ್ಲ. ಮಹಾಭಾರತ ಇದರ ಎರಡೂ ಮುಖಗಳನ್ನು ಒಂದೇ ಮನೆಯಲ್ಲಿ ತೋರಿಸಿದೆ. ಪೃಥೆಯನ್ನು ಕುಂತಿಭೋಜನಿಗೆ ಎಲ್ಲರೂ ಅರಿತೇ ಕೊಟ್ಟರು. ಆಕೆ ಸಾಕಿದ ತಂದೆಯ ಹೆಸರನ್ನೇ ಹೊತ್ತು ಕುಂತಿಯಾದಳು, ತವರಿನ ವಸುದೇವ ಒಡಹುಟ್ಟಿದವನಾಗಿಯೇ ಉಳಿದ. ಅವಳ ಮಗ ಕರ್ಣನಿಗೆ ಹುಟ್ಟಿನ ವಿಷಯ ಸ್ಪಷ್ಟವಾದದ್ದು ಯುದ್ಧ ಬಾಗಿಲಿಗೆ ಬಂದಾಗ, ಅದೂ ಬೇರೆಯವರ ಪ್ರಯೋಜನಕ್ಕಾಗಿ. ಅಷ್ಟಾದರೂ ಅವನು ಸಾಕುತಾಯಿ ರಾಧೆಯನ್ನು ಬಿಡಲಿಲ್ಲ. ಸಾಕಿದವರ ಪಾಲಿಗೆ ಭಯಪಡಲು ಅಲ್ಲಿ ಏನೂ ಇಲ್ಲ, ತಡಮಾಡಿದವರ ಪಾಲಿಗೆ ಇದೆ.

ಗಂಭೀರವಾದ ಆಕ್ಷೇಪ ಮದುವೆಯದು. ಬೆಡಗು, ಗೋತ್ರ, ಒಳಪಂಗಡ ಕೇಳದೆ ಹೆಣ್ಣು ನೋಡಲು ಬರುವವರು ಈ ಭಾಗದಲ್ಲಿ ಇನ್ನೂ ಕಡಿಮೆ. ಹುಟ್ಟು ಗೊತ್ತಿಲ್ಲದ ಹುಡುಗಿಗೆ ಕೆಲವು ಮನೆಗಳು ಬಾಗಿಲು ಹಾಕುತ್ತವೆ, ಇದನ್ನು ಅಲ್ಲಗಳೆಯುವುದು ಪ್ರಾಮಾಣಿಕತೆಯಲ್ಲ. ಆದರೆ ಮುಚ್ಚಿಟ್ಟು ಕೊಟ್ಟ ಮನೆಯಲ್ಲಿ ಅದು ಗೊತ್ತಾದ ದಿನ ಆಗುವುದೇನು? ಆಗ ಅವಳ ಪಕ್ಕದಲ್ಲಿ ತವರು ಇರುವುದಿಲ್ಲ, ಸತ್ಯ ತಿಳಿಯದ ಕಾರಣ ಉತ್ತರಿಸುವ ಶಕ್ತಿಯೂ ಅವಳಲ್ಲಿರುವುದಿಲ್ಲ. ಬಾಲನ್ಯಾಯ ಕಾಯ್ದೆಯ ಪ್ರಕಾರ ಆದೇಶದ ದಿನದಿಂದ ಆಕೆ ಅದೇ ತಂದೆತಾಯಿಗೆ ಹುಟ್ಟಿದ ಮಗಳಿಗೆ ಸಮ. ವಿಷಯ ತಿಳಿದೂ ಬಂದ ಸಂಬಂಧವೇ ಗಟ್ಟಿ ಸಂಬಂಧ.

ಅಣ್ಣನ ಮಗಳನ್ನೋ ತಂಗಿಯ ಮಗಳನ್ನೋ ತಂದು ಸಾಕುವ ಮನೆಗಳು ಇಲ್ಲಿ ಶಿಶುಗೃಹದಿಂದ ತರುವ ಮನೆಗಳಿಗಿಂತ ಹೆಚ್ಚಿರಬಹುದು. ಅಲ್ಲಿ ಗುಟ್ಟು ಇನ್ನೂ ವಿಚಿತ್ರ: ಹಡೆದವ್ವ ಪ್ರತಿ ಹಬ್ಬಕ್ಕೂ ಕಣ್ಣೆದುರಿಗೆ ಬರುತ್ತಾಳೆ, ಮಗಳು ಅವಳನ್ನು ಚಿಗವ್ವ ಎಂದು ಕರೆಯುತ್ತಾಳೆ, ಒಡಹುಟ್ಟಿದವರನ್ನು ಕಾಕಾನ ಮಕ್ಕಳೆಂದುಕೊಳ್ಳುತ್ತಾಳೆ. ಹಳೆಯ ದತ್ತಕದ ಬಹಿರಂಗತೆ ಅತ್ಯಂತ ಸುಲಭವಾಗಿ ಮರಳಬಹುದಾದ ಜಾಗ ಇದೇ. ನೋಂದಾಯಿತ ದತ್ತಕ ಪತ್ರ ಮಾಡಿಸಿ, ಇಬ್ಬರು ಅವ್ವಂದಿರನ್ನೂ ಮಗಳಿಗೆ ಅವರವರ ಹೆಸರಿನಿಂದಲೇ ತೋರಿಸಿಕೊಟ್ಟರೆ ಆಸ್ತಿಯ ಜಗಳವೂ ತಪ್ಪುತ್ತದೆ, ಮಗಳ ಗೊಂದಲವೂ.

ಗುಟ್ಟಿನ ಇನ್ನೊಂದು ತುದಿಯಲ್ಲಿ ಅಪರಾಧವಿದೆ. 2024ರ ಜೂನ್‌ನಲ್ಲಿ ಶಿಶು ಮಾರಾಟದ ಜಾಲವೊಂದನ್ನು ಬೆಳಗಾವಿ ಪೊಲೀಸರು ಪತ್ತೆಹಚ್ಚಿದಾಗ ಕಿತ್ತೂರಿನ ಹೆಸರು ಸುದ್ದಿಯಾಯಿತು. ಮಗುವನ್ನು ಮಾರುವುದಕ್ಕೂ ಕೊಳ್ಳುವುದಕ್ಕೂ ಬಾಲನ್ಯಾಯ ಕಾಯ್ದೆಯ 81ನೇ ಕಲಮಿನಲ್ಲಿ ಐದು ವರ್ಷದವರೆಗೆ ಕಠಿಣ ಶಿಕ್ಷೆ ಇದೆ. ಆಸ್ಪತ್ರೆಯವರೇ ಭಾಗಿಯಾದರೆ ಏಳು ವರ್ಷದವರೆಗೆ. ಇಂಥ ಜಾಲಕ್ಕೆ ಗಿರಾಕಿ ಸಿಗುವುದು ಸರದಿ ಉದ್ದವಾಗಿರುವುದರಿಂದ ಮಾತ್ರವಲ್ಲ, ‘ಹಡೆದ ಹಾಂಗ ತೋರಿಸಬೇಕು’ ಎಂಬ ಆಸೆಯಿಂದಲೂ. ಸುಳ್ಳು ಜನನ ಪ್ರಮಾಣಪತ್ರದೊಡನೆ ಬಂದ ಮಗುವಿಗೆ ಹೇಳಬಲ್ಲ ಕಥೆಯೇ ಇರುವುದಿಲ್ಲ, ಮುಂದೆ ಅವಳು ಮೂಲ ಹುಡುಕಲು ಹೊರಟರೆ ತೆರೆಯುವ ಕಡತವೂ ಇರುವುದಿಲ್ಲ. ಕಾನೂನಿನ ದಾರಿಯಲ್ಲಿ ಬಂದ ಮಗಳಿಗಾದರೆ ಕಡತವಿದೆ, ಎರಡು ವರ್ಷ ಆರಾರು ತಿಂಗಳಿಗೊಮ್ಮೆ ಮನೆಗೆ ಬಂದು ನೋಡುವ ವ್ಯವಸ್ಥೆಯಿದೆ.

ಆ ಭೇಟಿಗಳನ್ನು ಕಾಗದ ತುಂಬುವ ಕೆಲಸವಾಗಿ ಮುಗಿಸದೆ, ಊರಿನ ಅಂಗನವಾಡಿಯವರೆಗೆ ಒಯ್ಯಬೇಕು ಎಂಬುದು ನನ್ನ ಬೇಡಿಕೆ. ರಾಜ್ಯದ ಅಂಗನವಾಡಿಗಳ ‘ಚಿಲಿಪಿಲಿ’ ಕಲಿಕೆಯಾಗಲಿ ಖಾಸಗಿ ನರ್ಸರಿಯಾಗಲಿ, ಚಿಕ್ಕ ಮಕ್ಕಳ ಪಾಠ ಮನೆ, ಅವ್ವ, ಅಪ್ಪನಿಂದಲೇ ಶುರು. ‘ನೀ ಹುಟ್ಟಿದಾಗಿನ ಫೋಟೊ ತಗೊಂಡ್ ಬಾ’ ಎಂದರೆ ಇವಳ ಬಳಿ ಇಲ್ಲ. ‘ಮನೆಗೆ ಬಂದ ದಿನದ ಫೋಟೊ’ ಎಂದರೆ ಇದೆ. ಶಿಕ್ಷಕಿಗೆ ಮೊದಲೇ ಗೊತ್ತಿದ್ದರೆ ಪ್ರಶ್ನೆಯನ್ನು ಹಾಗೆ ಕೇಳುತ್ತಾಳೆ, ಇಲ್ಲದಿದ್ದರೆ ಇಲ್ಲ. ಅಕ್ಟೋಬರ್ ಬಂತೆಂದರೆ ಈ ಸೀಮೆಯ ಪುಟ್ಟ ಹುಡುಗಿಯರಿಗೆ ಕಾಸಿ ಸೀರೆ ಉಡಿಸಿ, ರಟ್ಟಿನ ಕತ್ತಿ ಕೊಟ್ಟು ಚೆನ್ನಮ್ಮನ ವೇಷ ಹಾಕಿಸುತ್ತೇವೆ. ಕಪ್ಪದ ಮಾತು ಕಲಿಸುವ ಜೊತೆಗೆ, ರಾಣಿ ಕಾದಾಡಿದ್ದು ದತ್ತಕ ಬಂದ ಒಬ್ಬ ಹುಡುಗನಿಗಾಗಿ ಎಂದೂ ಶಿಕ್ಷಕಿ ಹೇಳಲಿ. ಸಾಲಿನಲ್ಲಿ ನಿಂತ ಒಬ್ಬಳಿಗೆ ಅದು ತನ್ನ ಮನೆಯ ಮಾತು ಎನಿಸುತ್ತದೆ, ಉಳಿದ ಮಕ್ಕಳಿಗೆ ಅದು ಚರಿತ್ರೆಯ ಪಾಠ.